ಹದಿನೇಳನೇ ನಂಬರಿನವರು ಬಂದಿದ್ದಾರೆ

ಮಸಿಯಪ್ಪ ತನ್ನ ಮೂವತ್ತೊಂದು ವರ್ಷದ ನೌಕರಿಯಲ್ಲಿ ಹನ್ನೆರಡು ಲಕ್ಷ ಜನರನ್ನು ಇಲ್ಲವಾಗಿಸಿದ್ದಾನೆ. ಒಂದು ಹನಿ ರಕ್ತ ಚೆಲ್ಲಿಲ್ಲ, ಒಬ್ಬರೂ ಕಿರುಚಿಲ್ಲ. ಕೂತ ಕುರ್ಚಿಯಿಂದ ಏಳದೆ, ಒಂದು ಕಪ್ಪು ಮಾರ್ಕರ್ ಪೆನ್ನಿನಲ್ಲಿ ಮುಗಿಸಿದ ಕೆಲಸ ಅದು. ಅವನು ಇಲ್ಲಿ ಒಂದು ಹೆಸರಿನ ಮೇಲೆ ಗೆರೆ ಎಳೆದನೆಂದರೆ, ಅದೇ ಗಳಿಗೆಗೆ ಮುನ್ನೂರು ಮೈಲಿ ಆಚೆ ಹೆತ್ತ ತಾಯಿಯೊಬ್ಬಳು ಮಗನನ್ನು ಊಟಕ್ಕೆ ಕರೆಯಲು ಬಾಯಿ ತೆರೆದು, ಏನೆಂದು ಕರೆಯುವುದೋ ತಿಳಿಯದೆ, ಸೌಟು ಹಿಡಿದುಕೊಂಡು ಹಾಗೇ ನಿಂತುಬಿಡುತ್ತಿದ್ದಳು. ನಂಬುವುದಿಲ್ಲವೇ? ಬಿಡಿ, ಅವನ ಮನೆಯಾಕೆಯೂ ನಂಬುವುದಿಲ್ಲ.

ಅವನು ಗುಮಾಸ್ತ. ದೇಶದ ಶಾಲೆಗಳೆಲ್ಲ ಏನು ಕಲಿಸಬೇಕು, ಹೇಗೆ ಪರೀಕ್ಷೆ ಮಾಡಬೇಕು ಎಂದು ತೀರ್ಮಾನಿಸುವ ರಾಷ್ಟ್ರೀಯ ಶಿಕ್ಷಣ ಸಂಸ್ಥೆಯ ನೇಮಕಾತಿ ವಿಭಾಗದಲ್ಲಿ, ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ಅವನ ಮೇಜು. ಆ ಸಂಸ್ಥೆಯಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿಯುಂಟು. ಯಾವ ಹುದ್ದೆಗೇ ಅರ್ಜಿ ಬರಲಿ, ಆಯ್ಕೆ ಸಮಿತಿಯ ಕೈಗೆ ಹೋಗುವ ಮೊದಲು ಅದರಲ್ಲಿರುವ ಹೆಸರು, ಊರು, ತಾರೀಖು, ಓದಿದ ಕಾಲೇಜು, ಗಂಡೋ ಹೆಣ್ಣೋ ಎಂಬುದು, ಯಾವ ದೊಡ್ಡವರ ಪೈಕಿ ಎಂಬ ಸುಳಿವು, ಎಲ್ಲಕ್ಕೂ ಮಸಿ ಬಳಿಯಬೇಕು. ಮಸಿ ಬಳಿದ ಹಾಳೆಯನ್ನು ಜೆರಾಕ್ಸ್ ಮಾಡಿಸಿ, ಆ ಪ್ರತಿಗೊಂದು ನಂಬರು ಹಾಕಿ, ಅದನ್ನು ಮಾತ್ರ ಸಮಿತಿಗೆ ಕೊಡಬೇಕು. ಮೂಲ ಹಾಳೆಯನ್ನೇ ಕೊಡುವ ಹಾಗಿಲ್ಲ. ಮಾರ್ಕರ್ ಬಳಿದ ಕಾಗದವನ್ನು ಬೆಳಕಿಗೆ ಹಿಡಿದರೆ ಕೆಳಗಿನ ಅಕ್ಷರ ಕಂಡುಬಿಡುತ್ತದೆ.

ಯಾವ ನಂಬರು ಯಾರದು ಎಂಬ ಪಟ್ಟಿ ಅವನ ಕಬ್ಬಿಣದ ಬೀರುವಿನಲ್ಲಿ, ಬೀರುವಿನ ಬೀಗದ ಕೈ ಅವನ ಸೊಂಟದಲ್ಲಿ. ಸಮಿತಿಯವರು ಅಂಕ ಕೊಟ್ಟು ಮೊದಲ ಮೂರು ನಂಬರು ಹೇಳಿದರೆ, ಆ ಮೂವರಿಗೆ ಸಂದರ್ಶನದ ಪತ್ರ ಬರೆದು ಅಂಚೆಗೆ ಹಾಕುವವನೂ ಅವನೇ. ಅಭ್ಯರ್ಥಿ ಬಾಗಿಲು ದಾಟಿ ಒಳಗೆ ಕಾಲಿಡುವವರೆಗೆ ಅದು ಯಾರೆಂದು ಸಮಿತಿಗೆ ತಿಳಿಯದು. ಆಫೀಸಿನವರು ಅವನಿಗೆ ಮಸಿಯಪ್ಪ ಎಂದು ಅಡ್ಡಹೆಸರಿಟ್ಟದ್ದು ಅದಕ್ಕೇ. ತಾಯಿತಂದೆ ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು.

ಇನ್ನು ನಾಲ್ಕು ತಿಂಗಳಿಗೆ ಅವನ ನಿವೃತ್ತಿ. ಬೀಳ್ಕೊಡುಗೆಯ ದಿನ ಓದಬೇಕಾದ ಸನ್ಮಾನಪತ್ರ ಆಗಲೇ ಟೈಪಾಗಿ ಕೂತಿತ್ತು. ಬರೆದುಕೊಟ್ಟವನು ಅವನೇ. 'ಒಂದೇ ಒಂದು ತಪ್ಪನ್ನೂ ಮಾಡದ' ಎಂಬ ಮಾತು ಅದರಲ್ಲಿ ಮೂರು ಕಡೆ ಇತ್ತು. ನಾಲ್ಕನೆಯದನ್ನು ಟೈಪಿಸ್ಟು ಹೊಡೆದುಹಾಕಿದ್ದಳು. ಅವನಿಗೆ ಬೇರೆ ಆಸ್ತಿಯಿರಲಿಲ್ಲ. ಆ ಮಾತೇ ಅವನ ಆಸ್ತಿ. ಅದನ್ನು ತುಂಬಿದ ಸಭೆಯಲ್ಲಿ, ಹೆಂಡತಿ ಮುಂದಿನ ಸಾಲಿನಲ್ಲಿ ಕೂತಿರುವಾಗ, ಯಾರಾದರೂ ದೊಡ್ಡವರ ಬಾಯಿಂದ ಕೇಳಿ ಮನೆಗೆ ಹೋಗಬೇಕು. ಅವನು ಬಯಸಿದ್ದು ಅಷ್ಟೇ.

ಅಷ್ಟರಲ್ಲಿ ದೊಡ್ಡ ಕುರ್ಚಿ ಖಾಲಿಯಾಯಿತು. ದೊಡ್ಡ ಕುರ್ಚಿಯೆಂದರೆ ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕರ ಹುದ್ದೆ. ಹನ್ನೊಂದು ವರ್ಷ ಅದರಲ್ಲಿ ಕೂತವರು ಎದ್ದು ಹೋದರು. ಅವರು ಕೂತ ತಗ್ಗು ಕುರ್ಚಿಯ ಚರ್ಮದಲ್ಲಿ ಹಾಗೇ ಉಳಿದಿತ್ತು. ಒಂದು ಕೆರೆಯ ನೀರು ನಿಲ್ಲುವಷ್ಟು ಆಳದ ತಗ್ಗು. ಹೊಸಬರಿಗಾಗಿ ಅರ್ಜಿ ಕರೆದರು. ಮಸಿಯಪ್ಪನ ಲೆಕ್ಕದಲ್ಲಿ ಹದಿನಾರು ಸಾವಿರ ಅರ್ಜಿ ಬಂದವು. ರಿಜಿಸ್ಟರಿನ ಲೆಕ್ಕದಲ್ಲಿ ಹದಿನಾರು.

ಅದರ ಬೆನ್ನಿಗೇ ಇನ್ನೊಂದು ಸುತ್ತೋಲೆ ಬಂತು. ಹೊಸ ಮುಖ್ಯಸ್ಥರು ಬಂದು ಕೂರುವ ಹೊತ್ತಿಗೆ ಕಟ್ಟಡದಲ್ಲಿ ಹಳೆಯ ಕಾಗದ ಇರಕೂಡದು. ಬೀರುಗಳನ್ನೆಲ್ಲ ಬರಿದು ಮಾಡಿ, ಬೇಕಾದ್ದನ್ನು ಕಂಪ್ಯೂಟರಿಗೆ ಏರಿಸಿ, ಮಿಕ್ಕಿದ್ದನ್ನು ಚೂರು ಮಾಡತಕ್ಕದ್ದು. ಚೂರು ಮಾಡುವ ಯಂತ್ರ ಮಾರನೆಯ ದಿನವೇ ಬಂದು ಮಸಿಯಪ್ಪನ ಬಾಗಿಲಿನೆದುರು, ಹೊರಗಿನಿಂದ ಬಂದವರು ಕೂರುವ ಬೆಂಚಿನ ಪಕ್ಕ, ಬಾಯಿ ತೆರೆದುಕೊಂಡು ಕೂತಿತು. ಅದರ ಹಸಿರು ದೀಪ ಆರುತ್ತಲೇ ಇರಲಿಲ್ಲ. ಅವನು ಒಳಗೆ ಹೋದರೂ ಹೊರಗೆ ಬಂದರೂ ಆ ಕಣ್ಣು ಅವನ ಸೊಂಟದ ಬೀಗದ ಕೈಯನ್ನೇ ನೋಡುತ್ತಿತ್ತು.

ಬೆಂಚು ಕಿರುಗುಟ್ಟಲು ಶುರುವಾದದ್ದು ಆ ವಾರದಿಂದಲೇ.

ದಿನಾ ಸಂಜೆ ನಾಲ್ಕು ನಲವತ್ತಕ್ಕೆ. ಯಾರೋ ದೂರದಿಂದ ನಡೆದು ಬಂದು, ಭಾರದ ಚೀಲ ಇಳಿಸಿ, ಉಸ್ಸೆಂದು ಕೂತ ಹಾಗೆ ಒಂದು ಸದ್ದು. ಮಸಿಯಪ್ಪ ಪೆನ್ನು ಕೆಳಗಿಟ್ಟು ಬಾಗಿಲಿಗೆ ಬರುತ್ತಿದ್ದ. ಬೆಂಚಿನ ಮೇಲೆ ಯಾರೂ ಇಲ್ಲ. ಬೆಂಚಿನ ಕೆಳಗೆ ಮಾತ್ರ ಅಂಗೈಯಗಲದ ನೀರು, ನೆಂದ ಛತ್ರಿಯ ತುದಿಯಿಂದ ತೊಟ್ಟಿಕ್ಕಿ ನಿಂತ ಹಾಗೆ. ಹೊರಗೆ ರಣಬಿಸಿಲು.

"ವಾಟರ್ ಫಿಲ್ಟರ್ ಸೋರ್ತಿದೆ ಸಾರ್," ಎಂದ ಜವಾನ.

"ಫಿಲ್ಟರ್ ಇರೋದು ಆ ತುದೀಲಿ. ನೀರು ಇಲ್ಲಿಗೆ ಹೇಗಪ್ಪಾ ಬಂತು?"

"ನಡ್ಕೊಂಡು ಬಂದಿರುತ್ತೆ ಬಿಡಿ. ಇಲ್ಲಿ ಲಿಫ್ಟ್ ಎಲ್ಲಿ ಕೆಲಸ ಮಾಡುತ್ತೆ?"

ಮಸಿಯಪ್ಪ ನಗಲಿಲ್ಲ. ಆ ನೀರಿಗೊಂದು ವಾಸನೆಯಿತ್ತು. ಮಳೆಯಲ್ಲಿ ನೆಂದ ರೆಕ್ಸಿನ್ ಚೀಲದ ವಾಸನೆ. ಆ ವಾಸನೆ ಅವನಿಗೆ ಗೊತ್ತಿತ್ತು.

ಆಮೇಲೆ ಆ ಜೆರಾಕ್ಸಿನ ಸಂಗತಿ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಿಷನ್ನು ನೋಡಿಕೊಳ್ಳುವ ಜೆರಾಕ್ಸ್ ಅಕ್ಕ ಬಿಸಿ ಆರದ ಹಾಳೆಗಳ ಕಟ್ಟು ತಂದು ಮೇಜಿನ ಮೇಲೆ ಕುಕ್ಕಿದಳು.

"ತಗೊಳ್ಳಿ ಮಸಿಯಪ್ಪಣ್ಣ, ಹದಿನೇಳು ಅರ್ಜಿ."

"ಹದಿನಾರಮ್ಮ."

"ಹದಿನೇಳು."

"ನಿನ್ನ ಮಿಷನ್ನಿಗೆ ಹೆರಿಗೆ ಆಯ್ತೇನು? ನಾನು ಕೊಟ್ಟಿದ್ದು ಹದಿನಾರು."

"ನೀವು ಕೊಟ್ಟಷ್ಟು ಹೊಡ್ದಿದ್ದೀನಿ. ನನ್ನ ಮಿಷನ್ನು ಒಂದಕ್ಕೆ ಒಂದೇ ಹೇಳುತ್ತೆ. ನಿಮ್ಮ ಥರ ಒಂದಕ್ಕೆ ಸಾವಿರ ಹೇಳಲ್ಲ."

ಅವಳು ಹೋದ ಮೇಲೆ ಮಸಿಯಪ್ಪ ಎಣಿಸಿದ. ಹದಿನೇಳು. ಕೊನೆಯದನ್ನು ತಿರುವಿದ. ಮಿಕ್ಕವೆಲ್ಲ ಕಂಪ್ಯೂಟರಿನ ನುಣುಪು ಅಕ್ಷರ. ಇದೊಂದು ಹಳೆಯ ಟೈಪ್‌ರೈಟರಿನದು. ಮಸಿ ಬಳಿದ ಪಟ್ಟಿಗಳ ನಡುವೆ ಸಾಲುಗಳು ಸ್ವಲ್ಪ ಸೊಟ್ಟ, ರಿಬ್ಬನ್ನು ಸವೆದು ಅಲ್ಲಲ್ಲಿ ಮಬ್ಬು. ತೆಗೆದು ಪಕ್ಕಕ್ಕೆ ಇಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ತೆಗೆಯಹೋದ. ಆ ನಾಲ್ಕು ಹಾಳೆ ಬೀಸುಕಲ್ಲಿನಷ್ಟು ಭಾರವಾದವು, ಕೈ ಎತ್ತಲೇ ಆಗಲಿಲ್ಲ. ಕೊನೆಗೆ ಆ ಕೈಯೇ ತಾನಾಗಿ ಪೆನ್ನು ತೆಗೆದುಕೊಂಡು ಮೂಲೆಯಲ್ಲಿ ಹದಿನೇಳು ಎಂದು ಬರೆಯಿತು.

ಆ ಅರ್ಜಿ ಯಾರದೆಂದು ಹೇಳುತ್ತೇನೆ. ಹನ್ನೊಂದು ವರ್ಷದ ಹಿಂದೆ ಇದೇ ಕುರ್ಚಿಗೆ ಅರ್ಜಿ ಕರೆದಿದ್ದಾಗ, ಕೊನೆಯ ದಿನ, ಸುರಿಯುವ ಮಳೆಯಲ್ಲಿ ಒಬ್ಬ ಹೆಡ್‌ಮೇಡಂ ಬಂದಿದ್ದರು. ಇಬ್ಬರೇ ಟೀಚರಿರುವ ಒಂದು ಶಾಲೆ. ಆ ಇಬ್ಬರಲ್ಲಿ ಒಬ್ಬರು ಇವರು. ಎರಡು ಬಸ್ಸು ಬದಲಿಸಿ ಬಂದಿದ್ದರು. ಒಂದು ಕಡ್ಡಿ ಮುರಿದ ಛತ್ರಿ, ನೀಲಿ ರೆಕ್ಸಿನ್ ಚೀಲ. ಮೈಯೆಲ್ಲ ತೊಯ್ದಿತ್ತು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡ ಅರ್ಜಿ ಮಾತ್ರ ಒಣಗಿತ್ತು.

ಮಸಿಯಪ್ಪನಿಗೆ ಕೀಟಲೆ. "ಮೇಡಂ, ಇದು ದೊಡ್ಡ ಕುರ್ಚಿ ಗೊತ್ತಲ್ಲ?"

"ಗೊತ್ತಪ್ಪ. ಇಪ್ಪತ್ತೆಂಟು ವರ್ಷ ಮುರಿದ ಕುರ್ಚಿ ಮೇಲೇ ಕೂತಿದ್ದೀನಿ. ಬೀಳದೆ ಕೂರೋದು ಅಭ್ಯಾಸ ಇದೆ," ಎಂದಿದ್ದರು ಅವರು, ಛತ್ರಿ ಮಡಚುತ್ತಾ.

ಆದರೆ ಅವರು ಬಂದದ್ದು ಐದು ದಾಟಿ ಮೂರು ನಿಮಿಷಕ್ಕೆ. ಗಡುವು ಐದಕ್ಕೆ. ನಿಯಮ ಎಂದರೆ ನಿಯಮ, ಮಸಿಯಪ್ಪ ಏನು ಮಾಡಿಯಾನು? ಅರ್ಜಿಯನ್ನು ಬೀರುವಿನೊಳಗೆ ಎತ್ತಿಟ್ಟ. ಆಮೇಲೆ 'ವಿಷಾದಿಸುತ್ತೇವೆ' ಎಂದು ಒಂದು ಸಾಲಿನ ಪತ್ರ ಕಳಿಸಿದ. ಐದು ವರ್ಷ ಕಳೆದು, ಅವರು ತೀರಿಕೊಂಡ ಸುದ್ದಿಯನ್ನು ಪೇಪರಿನ ಒಂದು ಮೂಲೆಯಲ್ಲಿ ಓದಿದ. ಅಷ್ಟೇ. ಅವನದೇನೂ ತಪ್ಪಿರಲಿಲ್ಲ.

ಈಗ ಅವರ ಅರ್ಜಿ, ಬೀಗ ಹಾಕಿದ ಬೀರುವಿನಿಂದ ಎದ್ದು, ಮೈಗೆ ಮಸಿ ಬಳಿದುಕೊಂಡು, ಮಿಕ್ಕವರ ಜೊತೆ ಸಾಲಿನಲ್ಲಿ ಬಂದು ನಿಂತಿತ್ತು.

ಸಮಿತಿಯಲ್ಲಿ ಐದು ಜನ. ಅಧ್ಯಕ್ಷೆ ಒಬ್ಬ ನಿವೃತ್ತ ನ್ಯಾಯಾಧೀಶೆ. ಹಿಂದಿನಿಂದ ಎಲ್ಲರೂ ಅವರನ್ನು ಜಡ್ಜಮ್ಮ ಎನ್ನುತ್ತಿದ್ದರು. ಆಕೆ ಕನ್ನಡಕ ಇಳಿಸಿ ನೋಡಿದರೆ ಗೋಡೆಯ ಗಡಿಯಾರವೂ ನೆಟ್ಟಗಾಗುತ್ತಿತ್ತು. ಮೂರನೇ ಮಹಡಿಯ ಉದ್ದ ಮೇಜಿನ ತುದಿಯಲ್ಲಿ ಮಸಿಯಪ್ಪ ನಡಾವಳಿ ಬರೆದುಕೊಳ್ಳುತ್ತಾ ಕೂತಿದ್ದ. ಐವರೂ ಎರಡು ದಿನ ಓದಿ, ಮೂರನೆಯ ದಿನ ಚರ್ಚೆಗೆ ಕೂತರು. ಹದಿನಾರು ಅರ್ಜಿಗಳಲ್ಲಿ 'ದೂರದೃಷ್ಟಿ' ಎಂಬ ಮಾತು ನಾನೂರು ಸಲ ಬಂದಿತ್ತು.

"ಈ ಹದಿನೇಳು ನೋಡಿದ್ರಾ?" ಎಂದರು ಜಡ್ಜಮ್ಮ. "ಯಾರೋ ಪಾಪ, ಹಳೇ ಟೈಪ್‌ರೈಟರ್‌ನಲ್ಲಿ ಹೊಡೆದಿದ್ದಾರೆ. ಕೇಳಿ." ಅವರು ಗಟ್ಟಿಯಾಗಿ ಓದಿದರು:

"ಈ ಸಂಸ್ಥೆಯ ಮುಖ್ಯಸ್ಥರು ತಿಂಗಳಿಗೊಂದು ದಿನ, ತಾವು ಯಾರೆಂದು ಹೇಳದೆ, ಯಾವುದಾದರೂ ಶಾಲೆಯ ಕೊನೆಯ ಬೆಂಚಿನಲ್ಲಿ ಕೂರಬೇಕು. ಅಲ್ಲಿಗೆ ಕೇಳಿಸದ ಪಾಠ ಪಾಠವಲ್ಲ. ನಾನು ಪ್ರತಿ ಶನಿವಾರ ಕೂರುತ್ತೇನೆ. ವಾರವಿಡೀ ನಾನು ಮಾಡಿದ ಪಾಠವನ್ನು ಒಂದು ಮಗುವಿನಿಂದ ಹೇಳಿಸಿ, ಕೊನೆಯಲ್ಲಿ ಕೂತು ಕೇಳುತ್ತೇನೆ. ಬಹಳ ಸಲ ನನಗೇ ಅರ್ಥವಾಗುವುದಿಲ್ಲ. ಆಗ ಸೋಮವಾರ ಅದೇ ಪಾಠ ಮತ್ತೆ ಮಾಡುತ್ತೇನೆ."

ಮಿಕ್ಕ ನಾಲ್ವರೂ ತಮ್ಮ ತಮ್ಮ ಕಟ್ಟಿನಿಂದ ಹದಿನೇಳನ್ನು ಹುಡುಕಿ ಮೇಲಿಟ್ಟುಕೊಂಡರು.

"ಕೊನೇ ಸಾಲು ನೋಡಿ," ಎಂದರು ಜಡ್ಜಮ್ಮ. "'ಈ ಅರ್ಜಿಯನ್ನು ನೀವು ಬೇಡವೆನ್ನಬಹುದು. ಆದರೆ ಓದಿ ಬೇಡವೆನ್ನಿ.' ಏನ್ರೀ, ನಿನ್ನೆ ರಾತ್ರಿ ನಮ್ಮ ಮುಖ ನೋಡ್ಕೊಂಡೇ ಬರೆದ ಹಾಗಿದೆಯಲ್ಲ!"

ಐವರೂ ಹದಿನೇಳಕ್ಕೆ ಮೊದಲ ಸ್ಥಾನ ಕೊಟ್ಟರು. ಎರಡನೆಯದು ಐದನೇ ನಂಬರು, ಮೂರನೆಯದು ಹನ್ನೆರಡು. ನಡಾವಳಿಯಲ್ಲಿ ಹದಿನೇಳು ಎಂದು ಬರೆಯುವಾಗ ಮಸಿಯಪ್ಪನ ಪೆನ್ನಿನ ನಿಬ್ಬು ಕಾಗದ ಹರಿದು ಮೇಜಿನ ಮರದೊಳಗೆ ಒಂದು ಗೇಣು ಇಳಿಯಿತು. ಒಂದು ಗೇಣಲ್ಲದಿದ್ದರೂ ಕಾಗದ ಹರಿದದ್ದು ನಿಜ.

ಮೂರು ಪತ್ರ ಬರೆದ. ಹದಿನೇಳನೆಯದಕ್ಕೆ ಅರ್ಜಿಯಲ್ಲಿದ್ದ ಹನ್ನೊಂದು ವರ್ಷದ ಹಳೆಯ ವಿಳಾಸವನ್ನೇ ಬರೆದ. ಸತ್ತವರಿಗೆ ಬೇರೆ ವಿಳಾಸ ಎಲ್ಲಿಂದ ಬರಬೇಕು? ಅಂಚೆ ಡಬ್ಬಕ್ಕೆ ಹಾಕುವಾಗ ಎರಡು ಲಕೋಟೆ ಬಿದ್ದ ಸದ್ದು ಬಂತು. ಮೂರನೆಯದು ಬಿದ್ದ ಸದ್ದೇ ಬರಲಿಲ್ಲ, ಯಾರೋ ಒಳಗಿನಿಂದ ಮೆತ್ತಗೆ ಇಸಿದುಕೊಂಡ ಹಾಗೆ.

ಸಂಜೆ ಮನೆಯಾಕೆ ಒಗೆದ ಬಟ್ಟೆ ಮಡಚುತ್ತಾ ಕೂತಿದ್ದಳು. ಅವನು ಎಲ್ಲವನ್ನೂ ಹೇಳಿದ. ಬೆಂಚು, ನೀರು, ತಾನಾಗಿ ಬಂದ ಅರ್ಜಿ. ಅವಳು ಎರಡು ಅಂಗಿ, ಒಂದು ಹೊದಿಕೆ ಮಡಚಿಟ್ಟಳು.

"ನೀವು ರೈಲು ಬಿಡೋದು ಹೊಸದಲ್ಲ," ಎಂದಳು ಆಮೇಲೆ. "ನಮ್ಮ ಮದುವೆಗೆ ಹತ್ತು ಸಾವಿರ ಜನ ಬಂದಿದ್ರು ಅಂತ ಇವತ್ತಿಗೂ ನನ್ನೆದುರೇ ಹೇಳ್ತೀರಿ. ಹೋಗ್ಲಿ, ಇದರಲ್ಲಿ ಕಾಲು ಭಾಗ ನಿಜ ಅಂತಲೇ ಇಟ್ಕೊಳ್ಳೋಣ. ಒಂದು ಕೇಳ್ತೀನಿ."

"ಕೇಳು."

"ಆ ಅಮ್ಮ ಐದು ದಾಟಿ ಬಂದಿದ್ರೆ ತಪ್ಪು ಅವರದ್ದು. ಸತ್ತ ಮೇಲೆ ನಿಮ್ಮನ್ನ ಯಾಕೆ ಹುಡುಕ್ಕೊಂಡು ಬರ್ತಾರೆ?"

"ದೆವ್ವಕ್ಕೆ ಆಫೀಸಿನ ನಿಯಮ ಏನು ಗೊತ್ತಿರುತ್ತೆ ಕಣೇ?"

"ಹೆಡ್‌ಮೇಡಂ ದೆವ್ವಕ್ಕೂ ಗೊತ್ತಿರಲ್ವಾ?" ಎಂದು ಅವಳು ಬಟ್ಟೆಯ ಅಟ್ಟಿ ಎತ್ತಿಕೊಂಡು ಒಳಗೆ ಹೋದಳು. ಬಾಗಿಲಲ್ಲಿ ತಿರುಗಿ, "ಈಗೀಗ ತಿಂಗಳಿಗೊಂದು ಭಾನುವಾರ ಎಲ್ಲಿಗೆ ಹೋಗಿ ಬರ್ತೀರಿ ಅಂತ ನಾನು ಕೇಳಿಲ್ಲ. ಕೇಳಲ್ಲ ಅಂತಲ್ಲ," ಎಂದಳು.

ಸಂದರ್ಶನದ ದಿನ ಮಸಿಯಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಮಧ್ಯಾಹ್ನಕ್ಕೆ ಮುಂಚೆಯೇ ಅದನ್ನು ಬೆವರಿನಲ್ಲಿ ತೋಯಿಸಿದ್ದ. ಐದನೇ ನಂಬರಿನವರು ಬಂದರು, ಪ್ರೊಫೆಸರು. ಒಂದು ಪ್ರಶ್ನೆಗೆ ಹನ್ನೆರಡು ನಿಮಿಷ ಉತ್ತರ ಕೊಟ್ಟು, ಪ್ರಶ್ನೆ ಏನಿತ್ತೆಂದು ಕೇಳಿದರು. ಹನ್ನೆರಡನೇ ನಂಬರಿನವರು ಬಂದರು, ಒಂದು ಜಿಲ್ಲೆಯ ಶಾಲೆಗಳನ್ನೆಲ್ಲ ನೋಡಿಕೊಂಡಿದ್ದ ಹೆಂಗಸು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು. ಜಡ್ಜಮ್ಮ ಅದನ್ನು ಗುರುತು ಹಾಕಿಕೊಂಡರು.

ಹದಿನೇಳಕ್ಕೆ ಕೊಟ್ಟ ಸಮಯ ನಾಲ್ಕೂವರೆ. ನಾಲ್ಕೂವರೆ ಆಯಿತು, ಯಾರೂ ಬರಲಿಲ್ಲ. ಮಸಿಯಪ್ಪನ ಜೀವ ಒಂದಿಷ್ಟು ಹಗುರಾಯಿತು. ನಾಲ್ಕು ಮೂವತ್ತೈದು. "ಬರಲ್ಲ ಅನ್ಸುತ್ತೆ ಅಮ್ಮ, ಮುಗಿಸೋಣ," ಎಂದ. "ಇನ್ನೈದು ನಿಮಿಷ," ಎಂದರು ಜಡ್ಜಮ್ಮ.

ಬಾಗಿಲಾಚೆ ಒಂದು ಬೆಂಚು ಕಿರುಗುಟ್ಟಿತು. ಅದು ಮೂರನೇ ಮಹಡಿ. ಆ ಮಹಡಿಯಲ್ಲಿ ಬೆಂಚೇ ಇರಲಿಲ್ಲ.

ಜವಾನ ತಲೆ ಹಾಕಿದ. "ಹದಿನೇಳನೇ ನಂಬರಿನವರು ಬಂದಿದ್ದಾರೆ."

ಮೊದಲು ಒಳಗೆ ಬಂದದ್ದು ಛತ್ರಿ. ಒಂದು ಕಡ್ಡಿ ಮುರಿದದ್ದು. ಆಮೇಲೆ ನೀಲಿ ರೆಕ್ಸಿನ್ ಚೀಲ. ಅದೇ ಅಗಲ ಹಣೆ, ಕೂರುವ ಮೊದಲು ಕೋಣೆಯನ್ನೆಲ್ಲ ಒಮ್ಮೆ ಎಣಿಸುವ ಅದೇ ನೋಟ. ಮಸಿಯಪ್ಪನ ಕೈಯಲ್ಲಿದ್ದ ಟೀ ಲೋಟ ಜಾರಿ ನಡಾವಳಿಯ ಮೇಲೆ ಬಿತ್ತು. ಹನ್ನೊಂದು ವರ್ಷದ ಹಿಂದೆ ಇದ್ದುದಕ್ಕಿಂತ ಹೆಡ್‌ಮೇಡಂ ಇಪ್ಪತ್ತು ವರ್ಷ ಚಿಕ್ಕವರಾಗಿದ್ದರು. ಖಾಕಿ ಅಂಗಿ ತೊಟ್ಟಿದ್ದರು.

"ಕೂತ್ಕೊಳ್ಳಿ," ಎಂದರು ಜಡ್ಜಮ್ಮ.

"ಕೂರೋಕೆ ಬಂದಿಲ್ಲಮ್ಮ. ನಾನು ಬಸ್ ಕಂಡಕ್ಟರು, ಐದೂವರೆಗೆ ನನ್ನ ಗಾಡಿ ಹೊರಡುತ್ತೆ. ಈ ಕಾಗದ ನಮ್ಮಮ್ಮನ ಹೆಸರಿಗೆ ಬಂದಿದೆ, ಸಂದರ್ಶನಕ್ಕೆ ಬನ್ನಿ ಅಂತ. ನಮ್ಮಮ್ಮ ತೀರಿಕೊಂಡು ಆರು ವರ್ಷ ಆಯ್ತು. ಯಾರು ತಮಾಷೆ ಮಾಡಿದ್ದು ಅಂತ ಕೇಳೋಕೆ ಬಂದೆ."

ಐದು ಮುಖ ಒಟ್ಟಿಗೆ ಮಸಿಯಪ್ಪನತ್ತ ತಿರುಗಿದವು. ಅವನು ಎದ್ದು ನಿಂತ. ಮೂವತ್ತೊಂದು ವರ್ಷ ಬರೆದ ಭಾಷೆ ಬಾಯಿಗೆ ಬಂತು.

"ಸದರಿ ಅರ್ಜಿಯು ಹಿಂದಿನ ನೇಮಕಾತಿಯಲ್ಲಿ ಗಡುವು ಮೀರಿ ಬಂದಿದ್ದು ಕಂಡುಬಂದಿದೆ. ಈಗ ಅದು ಹೇಗೋ ಹೊಸ ಕಟ್ಟಿನಲ್ಲಿ ಸೇರಿಕೊಂಡಿರುವುದಾಗಿ..."

"ಹೇಗೋ ಅಂದ್ರೆ?" ಎಂದರು ಜಡ್ಜಮ್ಮ.

"ತಾನಾಗಿ ಬಂತಮ್ಮ! ಬೀಗದ ಕೈ ನನ್ನ ಸೊಂಟದಲ್ಲೇ ಇದೆ. ಬೆಂಚು ದಿನಾ ಕಿರುಗುಟ್ಟುತ್ತೆ, ಜವಾನನ್ನ ಕೇಳಿ. ಆ ಅಮ್ಮ ಬರ್ತಾರೆ, ನೆಂದ ಛತ್ರಿ ಹಿಡ್ಕೊಂಡು..."

"ಒಂದ್ನಿಮಿಷ ಸಾರ್," ಎಂದಳು ಕಂಡಕ್ಟರು. ಚೀಲದಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು, ಅದರೊಳಗಿಂದ ಅಂಗೈಯಗಲದ ಹಳದಿ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದಳು. "ಗಡುವು ಮೀರಿ ಅಂದ್ರಲ್ಲ. ಅರ್ಜಿ ಇಸ್ಕೊಂಡಿದ್ದಕ್ಕೆ ನೀವು ಕೊಟ್ಟ ಚೀಟಿ ಇದು. ಹದಿನಾಲ್ಕು ವರ್ಷದಿಂದ ಟಿಕೆಟ್ ಹರಿದು ಕೊಡ್ತಿದ್ದೀನಿ. ಯಾವ ಚೀಟಿ ಕೊಟ್ರೂ ನಾನು ಮೊದಲು ನೋಡೋದು ಹೊತ್ತು. ನಾಲ್ಕು ನಲವತ್ತು ಅಂತಿದೆ. ಕೆಳಗೊಂದು ಸಹಿ. ಯಾರ್ದು?"

ಜಡ್ಜಮ್ಮ ಚೀಟಿ ಇಸಿದುಕೊಂಡು ಕನ್ನಡಕ ಇಳಿಸಿದರು.

"ಅಮ್ಮ ಸಾಯೋವರೆಗೂ ಇದನ್ನ ಕನ್ನಡಿ ಹಿಂದೆ ಇಟ್ಕೊಂಡಿದ್ರು," ಎಂದಳು ಅವಳು. "ಬೇಜಾರಿರ್ಲಿಲ್ಲ ಅವರಿಗೆ. 'ಓದಿರ್ತಾರೆ ಕಣೆ, ಓದಿಯೇ ಬೇಡ ಅಂದಿರ್ತಾರೆ' ಅಂತಿದ್ರು."

ಮಸಿಯಪ್ಪ ಟೀಯಲ್ಲಿ ನೆಂದ ನಡಾವಳಿಯನ್ನು ಅಂಗೈಯಲ್ಲಿ ಒರೆಸತೊಡಗಿದ.

"ಇನ್ನೊಂದು ಮಾತು," ಎಂದಳು ಕಂಡಕ್ಟರು. "ಈ ಲಕೋಟೆ ಬಂದಿದ್ದು ನಾನಿರೋ ಬಾಡಿಗೆ ಮನೆಗೆ. ಡಿಪೋ ಹಿಂದಿನ ಬೀದಿ, ಮಾಳಿಗೆ ಮೇಲಿನ ಒಂಟಿ ಕೋಣೆ. ನಾನು ಆ ಮನೆಗೆ ಬಂದು ಎರಡು ವರ್ಷ. ಅಮ್ಮನ ಅರ್ಜೀಲಿ ಆ ವಿಳಾಸ ಇರೋಕೆ ಸಾಧ್ಯನೇ ಇಲ್ಲ. ದೆವ್ವ ನನ್ನ ವಿಳಾಸ ಹುಡುಕಿ ಬರೀತಾ?" ಅವಳು ಲಕೋಟೆಯನ್ನು ಚೀಟಿಯ ಪಕ್ಕದಲ್ಲಿಟ್ಟಳು. ಎರಡರ ಅಕ್ಷರವೂ ಒಂದೇ ಕೈಯದು. ಆಮೇಲೆ ಅವನ ಮುಖವನ್ನೇ ನೋಡಿದಳು, ಚಿಲ್ಲರೆ ಕೊಡದೆ ನಿಂತ ಪ್ರಯಾಣಿಕನನ್ನು ನೋಡುವ ಹಾಗೆ. "ನಿಮ್ಮನ್ನ ನೋಡಿದ್ದೀನಿ. ತಿಂಗಳಿಗೊಂದು ಭಾನುವಾರ ನನ್ನ ಬಸ್ಸು ಹತ್ತಿ, ಕೊನೇ ಸೀಟಲ್ಲಿ ಕೂತು, ಎಲ್ಲೂ ಇಳಿಯದೆ ಅದೇ ಬಸ್ಸಲ್ಲಿ ವಾಪಸ್ ಬರೋರು ನೀವೇ. ಯಾಕೆ ಬರ್ತೀರಿ ಅಂತ ಭಯ ಆಗ್ತಿತ್ತು ನನಗೆ."

ಚೆಲ್ಲಿದ ಟೀ ಮೇಜಿನ ಅಂಚಿನಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಕಥೆ ಬೇಡ," ಎಂದರು ಜಡ್ಜಮ್ಮ, ಮೆತ್ತಗೆ. "ಒಂದೇ ಮಾತು. ಆ ಅರ್ಜೀನ ಕಟ್ಟಿನೊಳಗೆ ಇಟ್ಟೋರು ಯಾರು?"

"ನಾನು."

ನಾನೇ. ಇಷ್ಟು ಹೊತ್ತು ಮಸಿಯಪ್ಪ, ಮಸಿಯಪ್ಪ ಎಂದು ಬೇರೆ ಯಾರದೋ ಸಂಗತಿಯ ಹಾಗೆ ಹೇಳಿಕೊಂಡು ಬಂದೆನಲ್ಲ, ಆ ಮಸಿಯಪ್ಪ ನಾನೇ. ಹೆಡ್‌ಮೇಡಂ ಬಂದದ್ದು ನಾಲ್ಕು ನಲವತ್ತಕ್ಕೆ. ಚೀಟಿ ಬರೆದುಕೊಟ್ಟೆ, ಅರ್ಜಿಯನ್ನು ಮೇಜಿನ ಖಾನೆಗೆ ಹಾಕಿದೆ. ಅಷ್ಟರಲ್ಲಿ ಗೆಳೆಯರು ಕ್ಯಾಂಟೀನಿಗೆ ಕರೆದರು. ನಾನೊಂದು ಗೆರೆ ಎಳೆದರೆ ತಾಯಿಗೂ ಮಗನ ಹೆಸರು ಮರೆಯುತ್ತದೆ ಎಂಬ ಬುರುಡೆಯನ್ನು ಮೊದಲ ಸಲ ಬಿಟ್ಟದ್ದು ಅಂದೇ. ಎಲ್ಲರೂ ನಕ್ಕರು, ನಗಿಸುತ್ತಾ ಕೂತು ಮರೆತೆ. ಒಂಬತ್ತು ದಿನ ಕಳೆದು, ಅರ್ಜಿಗಳೆಲ್ಲ ಸಮಿತಿಯ ಕೈ ಸೇರಿದ ಮೇಲೆ ಖಾನೆ ತೆರೆದೆ. ಹೇಳಿದ್ದರೆ ನೇಮಕಾತಿ ನಿಲ್ಲುತ್ತಿತ್ತು, ನನ್ನ ಹೆಸರು ಮಣ್ಣುಪಾಲಾಗುತ್ತಿತ್ತು. ಅದಕ್ಕೇ ಬೀರುವಿಗೆ ಹಾಕಿ ಬೀಗ ಜಡಿದೆ. ಹರಿದುಹಾಕಲು ಎಷ್ಟೋ ಸಲ ಕೈಗೆತ್ತಿಕೊಂಡೆ, ಒಂದು ಸಲ ಓದಿಬಿಟ್ಟೆ. ಓದಿದ ಮೇಲೆ ಹರಿಯಲಾಗಲಿಲ್ಲ.

ಚೂರು ಮಾಡುವ ಯಂತ್ರ ಬಂದು ಬಾಗಿಲಲ್ಲಿ ಕೂತಾಗ, ಇನ್ನು ಇದನ್ನು ಯಾರೂ ಓದುವುದಿಲ್ಲ ಎಂದು ತಿಳಿಯಿತು. ಮಸಿ ಬಳಿದವನು, ಜೆರಾಕ್ಸ್ ಅಕ್ಕನಿಗೆ ಹದಿನೇಳು ಕೊಟ್ಟವನು, ನಂಬರು ಹಾಕಿದವನು ನಾನು. ಹಾಳೆ ಬೀಸುಕಲ್ಲಿನ ಭಾರವೇನೂ ಇರಲಿಲ್ಲ, ಹಾಳೆಯ ಭಾರವೇ ಇತ್ತು. ನೀರು ಫಿಲ್ಟರಿನದೇ. ಅಂಚೆ ಡಬ್ಬಕ್ಕೆ ಹಾಕಿದ ಲಕೋಟೆ ಸದ್ದು ಮಾಡಿಯೇ ಬಿತ್ತು. ಅದರ ಮೇಲಿನ ವಿಳಾಸ, ಮಗಳಿಗೆ ಹೇಳಿಬಿಡಬೇಕೆಂದು ತಿಂಗಳಿಗೊಮ್ಮೆ ಅವಳ ಬಸ್ಸು ಹತ್ತಿ, ಹೇಳಲಾಗದೆ, ಡಿಪೋದಲ್ಲಿ ಕೇಳಿ ತಿಳಿದುಕೊಂಡದ್ದು. ಬೆಂಚು ಕಿರುಗುಟ್ಟುವುದೊಂದು ಮಾತ್ರ ಸುಳ್ಳಲ್ಲ. ಬೇರೆ ಯಾರಿಗೂ ಕೇಳಿಸುವುದಿಲ್ಲ ಎಂದು ಈಗ ಗೊತ್ತು.

ಕಂಡಕ್ಟರು ಮೂಲ ಅರ್ಜಿ ಕೇಳಿದಳು. ತಂದುಕೊಟ್ಟೆ. ಅವಳು ಕಿಟಕಿಗೆ ಹೋಗಿ ಮೊದಲ ಹಾಳೆಯನ್ನು ಬಿಸಿಲಿಗೆ ಹಿಡಿದಳು. ಮಸಿಯ ಕೆಳಗಿನಿಂದ ಅವಳ ತಾಯಿಯ ಹೆಸರು ಒಂದೊಂದೇ ಅಕ್ಷರವಾಗಿ ಮೇಲೆ ಬಂತು. ಅವಳು ಅದನ್ನು ಗಟ್ಟಿಯಾಗಿ ಓದಿದಳು. ಆ ಕಟ್ಟಡದಲ್ಲಿ ಅದನ್ನು ಯಾರಾದರೂ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

"ನೀವೆಲ್ಲ ಓದಿದ್ರಾ ಇದನ್ನ?"

"ಐದು ಜನನೂ ಓದಿದ್ವಿ ತಾಯಿ," ಎಂದರು ಜಡ್ಜಮ್ಮ. "ಮೊದಲನೇ ಸ್ಥಾನ."

ಅವಳು ಹಾಳೆಗಳನ್ನು ಚೀಟಿಯ ಜೊತೆ ಪ್ಲಾಸ್ಟಿಕ್ಕಿಗೆ ಸೇರಿಸಿದಳು. ಕೊಂಡೊಯ್ಯಬಾರದು ಎಂಬ ನಿಯಮವನ್ನು ಯಾರೂ ಎತ್ತಲಿಲ್ಲ. ಬಾಗಿಲಲ್ಲಿ ನಿಂತು ನನಗೆ ಹೇಳಿದ್ದು ಒಂದೇ ಮಾತು. "ಇನ್ಮೇಲೆ ನನ್ನ ಬಸ್ಸು ಹತ್ತಬೇಡಿ."

ಹನ್ನೆರಡನೇ ನಂಬರಿನವರು ದೊಡ್ಡ ಕುರ್ಚಿಗೆ ಬಂದರು. ತಿಂಗಳಿಗೊಂದು ದಿನ ಅವರು ಆಫೀಸಿನಲ್ಲಿರುವುದಿಲ್ಲ. ಎಲ್ಲಿಗೆ ಹೋಗುತ್ತಾರೆಂದು ಹೇಳುವುದೂ ಇಲ್ಲ. ಯಂತ್ರಕ್ಕೆ ಬಿದ್ದ ಮೊದಲ ಕಾಗದ ನನ್ನ ಸನ್ಮಾನಪತ್ರ. ನಾನೇ ಹಾಕಿದೆ. ನಡೆದದ್ದನ್ನು ಮನೆಯಾಕೆಗೆ ಹೇಳಿದೆ, ಒಂದಕ್ಕೆ ಒಂದು. ಅವಳು, "ಈ ಸಲ ನಂಬ್ತೀನಿ," ಎಂದಳು. ಆಮೇಲೆ ಆ ರಾತ್ರಿ ಮಾತಾಡಲಿಲ್ಲ.

ಹನ್ನೆರಡು ಲಕ್ಷ ಎಂದೆ. ಸುಳ್ಳು. ನಾನು ಮಸಿ ಬಳಿದವರೆಲ್ಲ ತಮ್ಮ ತಮ್ಮ ಹೆಸರಿನೊಂದಿಗೆ ಮನೆಗಳಲ್ಲಿ ಚೆನ್ನಾಗಿಯೇ ಇದ್ದಾರೆ, ಅವರ ತಾಯಂದಿರು ಅವರನ್ನು ಊಟಕ್ಕೆ ಕರೆಯುತ್ತಲೇ ಇದ್ದಾರೆ. ನಾನು ಇಲ್ಲವಾಗಿಸಿದ್ದು ಒಬ್ಬರನ್ನು. ಅವರು ಬದುಕಿದ್ದಾಗ ಅವರ ಹೆಸರಿಗೆ ಮಸಿಯನ್ನೂ ಬಳಿದಿರಲಿಲ್ಲ. ಬೀಗ ಹಾಕಿದ್ದೆ, ಅಷ್ಟೇ.